ಕವೇರನ ಮಗಳು

ಮೈಸೂರಿನಿಂದ ಹುಣಸೂರಿನ ಮಾರ್ಗವಾಗಿ ಮಡಿಕೇರಿಗೆ ಹೊರಟವರಿಗೆ ಕುಶಾಲನಗರದ ಅಂಚಿನಲ್ಲಿ ಒಂದು ಸೇತುವೆ ಎದುರಾಗುತ್ತದೆ. ಈಚೆಯ ದಡ ಮೈಸೂರು ಜಿಲ್ಲೆಗೆ ಸೇರಿದ್ದು, ಆಚೆಯದು ಕೊಡಗು. ನಡುವೆ ಹರಿಯುವವಳು ಕಾವೇರಿ. ತುಲಾಮಾಸದ ಒಂದು ದಿನ, ಹೊತ್ತು ಏರುವ ವೇಳೆಗೆ, ಬೆಂಗಳೂರಿನಿಂದ ಬಂದ ಕಾರೊಂದು ಆ ಸೇತುವೆಯ ಮೇಲೆ ನಿಧಾನಿಸಿತು. ಹಿಂದಿನ ಆಸನದಲ್ಲಿ ಕುಳಿತಿದ್ದ ವೃದ್ಧೆ ಕಿಟಕಿಯ ಗಾಜನ್ನು ಇಳಿಸಿ, ಸೆರಗಿನ ತುದಿಯ ಗಂಟನ್ನು ಬಿಚ್ಚಿ, ಒಂದು ನಾಣ್ಯವನ್ನು ಕಣ್ಣಿಗೊತ್ತಿಕೊಂಡು ನೀರಿಗೆ ಎಸೆದರು. ಶ್ರೀರಂಗಪಟ್ಟಣದ ಸೇತುವೆಯ ಮೇಲೂ ಅವರು ಹೀಗೆಯೇ ಮಾಡಿದ್ದರು.

“ಇದೂ ಕಾವೇರಿಯೇ ಏನಪ್ಪ?” ಎಂದು ಕೇಳಿದರು.

“ಹೌದಮ್ಮ, ಅವಳೇ. ಅಲ್ಲಿ ಅಗಲವಾಗಿದ್ದಳು, ಇಲ್ಲಿ ಸ್ವಲ್ಪ ತೆಳ್ಳಗಾಗಿದ್ದಾಳೆ. ಮೇಲೆ ಹೋದಂತೆಲ್ಲ ಇನ್ನೂ ಚಿಕ್ಕವಳಾಗುತ್ತಾಳೆ” ಎಂದನು ಮಗ.

ಪಕ್ಕದಲ್ಲಿ ಸೊಸೆಯ ಮಡಿಲಲ್ಲಿ ಮೂರು ತಿಂಗಳ ಹೆಣ್ಣುಮಗು ನಿದ್ರಿಸುತ್ತಿತ್ತು. ಅದಕ್ಕೆ ಇನ್ನೂ ಹೆಸರಿರಲಿಲ್ಲ. ಕಾರಣಾಂತರದಿಂದ ಮುಂದೆ ಹೋಗಿದ್ದ ನಾಮಕರಣಕ್ಕೆ ಇನ್ನು ಹತ್ತು ದಿನ ಉಳಿದಿತ್ತು. ಮಗು ಹುಟ್ಟಿದ್ದು ಮೃಗಶಿರಾ ನಕ್ಷತ್ರದ ಮೂರನೆಯ ಪಾದದಲ್ಲಿ. ಪಂಚಾಂಗದ ಪ್ರಕಾರ ಹೆಸರಿನ ಮೊದಲಕ್ಷರ ‘ಕಾ’ ಆಗಬೇಕು. ಈ ಒಂದು ಅಕ್ಷರವನ್ನು ಹಿಡಿದು ಮನೆಯಲ್ಲಿ ಮೂರು ಪಕ್ಷಗಳು ಏರ್ಪಟ್ಟಿದ್ದುವು. ಅಜ್ಜಿಗೆ ಕಾತ್ಯಾಯಿನಿ ಎಂದಿಡಬೇಕೆಂಬ ಆಸೆ. ಮಗನಿಗೆ ಕಾವ್ಯಾ ಸಾಕು, ಕರೆಯಲು ಹಗುರ, ಶಾಲೆಯ ರಿಜಿಸ್ಟರಿನಲ್ಲಿ ಬರೆಯಲೂ ಸುಲಭ. ಸೊಸೆಯೊಬ್ಬಳು ಮಾತ್ರ ಕಾವೇರಿ ಎಂಬ ಹೆಸರನ್ನು ಬಿಟ್ಟುಕೊಡಲು ಸಿದ್ಧಳಿರಲಿಲ್ಲ.

“ನದಿಯ ಹೆಸರು ಬೇಡಮ್ಮ. ನಮ್ಮ ತವರಿನಲ್ಲಿ ಹಿರಿಯರು ಹೇಳುತ್ತಿದ್ದರು, ನದಿಯ ಹೆಸರಿಟ್ಟುಕೊಂಡ ಹುಡುಗಿ ಒಂದು ಕಡೆ ನಿಲ್ಲುವವಳಲ್ಲ ಅಂತ” ಎಂಬುದು ಅಜ್ಜಿಯ ವಾದ. ಇದಕ್ಕೆ ಸೊಸೆ, “ಸರಿ ಅತ್ತೆ, ಒಂದು ಸಲ ತಲಕಾವೇರಿಗೆ ಹೋಗಿಬರೋಣ, ಆಮೇಲೆ ನೀವು ಹೇಳಿದಂತೆಯೇ ಆಗಲಿ” ಎಂದಿದ್ದಳು. ಆ ಒಪ್ಪಂದದ ಫಲವೇ ಈ ಪ್ರಯಾಣ.

ಅಜ್ಜಿಯ ಮಾತನ್ನು ಮುದುಕಿಯ ಮಾತೆಂದು ತಳ್ಳಿಹಾಕುವಂತಿಲ್ಲ. ಅದರ ಬೇರು ಬಹಳ ಹಳೆಯದು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಎಂತಹ ಕನ್ಯೆಯನ್ನು ವರಿಸಬಾರದೆಂದು ಹೇಳುವ ಕಡೆ, ನಕ್ಷತ್ರ, ಮರ, ನದಿ, ಪರ್ವತ, ಹಕ್ಕಿ, ಹಾವು ಇವುಗಳ ಹೆಸರುಳ್ಳವಳನ್ನೂ ಆ ಪಟ್ಟಿಯಲ್ಲಿ ಸೇರಿಸಿದೆ. ಏಕೆ ಬಾರದೆಂಬ ಕಾರಣವನ್ನು ಅಲ್ಲಿ ಕೊಟ್ಟಿಲ್ಲ. ಆದರೆ ನಮ್ಮ ಜನ ಈ ವಿಧಿಯನ್ನು ಎಷ್ಟರಮಟ್ಟಿಗೆ ಪಾಲಿಸಿದರೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ರೋಹಿಣಿ, ರೇವತಿ, ಅಶ್ವಿನಿ ನಕ್ಷತ್ರಗಳು, ತುಳಸಿ ಗಿಡ, ಗಂಗಾ, ಯಮುನಾ, ಗೋದಾವರಿ, ಸರಸ್ವತಿ, ನರ್ಮದಾ, ಸಿಂಧು, ಕಾವೇರಿ ನದಿಗಳು. ಪೂಜೆಯ ಕಲಶಕ್ಕೆ ಆವಾಹನೆ ಮಾಡುವ ಏಳು ನದಿಗಳಲ್ಲಿ ಹೆಣ್ಣುಮಕ್ಕಳ ಹೆಸರಾಗದೆ ಉಳಿದ ನದಿ ಒಂದೂ ಇಲ್ಲ. ಕಾವೇರಿಯ ಉಪನದಿಗಳೂ ಹಿಂದೆ ಬಿದ್ದಿಲ್ಲ. ಹೇಮಾವತಿ, ಭವಾನಿ, ಅಮರಾವತಿ ಎಂಬ ಹೆಸರಿನ ಗೃಹಿಣಿಯರು ಯಾವ ಬೀದಿಯಲ್ಲಿಲ್ಲ? ಶಾಸ್ತ್ರ ಬೇಡವೆಂದಿತು, ತೊಟ್ಟಿಲು ತೂಗುವ ಕೈ ಬೇಕೆಂದಿತು. ಕೊನೆಗೆ ಗೆದ್ದದ್ದು ತೊಟ್ಟಿಲೇ.

ಹಾಗಾದರೆ ಈ ಹೆಸರಿನ ಅರ್ಥವೇನು? ಸಂಸ್ಕೃತದ ವ್ಯಾಕರಣದ ದಾರಿ ಸರಳವಾದುದು: ಕವೇರನ ಮಗಳು ಕಾವೇರಿ. ಜನಕನ ಮಗಳು ಜಾನಕಿ, ದ್ರುಪದನ ಮಗಳು ದ್ರೌಪದಿ ಆದ ಹಾಗೆಯೇ ಇದು. ಕವೇರನೆಂಬ ಮುನಿ ಮಕ್ಕಳಿಲ್ಲದೆ ತಪಸ್ಸು ಮಾಡಲು, ಬ್ರಹ್ಮನು ತನ್ನ ಮಗಳನ್ನೇ ಅವನಿಗೆ ಮಗಳಾಗಿ ಕೊಟ್ಟನೆಂದು ಪುರಾಣ ಹೇಳುತ್ತದೆ. ಅಂದರೆ ಇದು ಸಾಕುತಂದೆಯ ಹೆಸರಿನಿಂದ ಬಂದ ಹೆಸರು. ಸಂಸ್ಕೃತದ ಕೋಶಗಳನ್ನು ತೆರೆದರೆ ಇನ್ನೊಂದು ಅರ್ಥವೂ ಸಿಕ್ಕುತ್ತದೆ: ಕಾವೇರಿ ಎಂದರೆ ಅರಿಶಿನ. ತಮಿಳುನಾಡಿನಲ್ಲಿ ಈ ನದಿಗೆ ಪೊನ್ನಿ, ಎಂದರೆ ಹೊನ್ನಿನಂಥವಳು ಎಂಬ ಹೆಸರಿರುವುದನ್ನು ನೆನೆದರೆ, ಮಳೆಗಾಲದ ಕೆನ್ನೀರಿನ ಬಣ್ಣವೇ ಕಣ್ಣಿಗೆ ಕಟ್ಟುತ್ತದೆ.

ದ್ರಾವಿಡದ ದಾರಿ ಬೇರೆ. ತಮಿಳರು ಈ ಹೆಸರನ್ನು ‘ಕಾವಿರಿ’ ಎಂದೂ ಬರೆಯುತ್ತಾರೆ. ‘ಕಾ’ ಎಂದರೆ ತೋಪು. ‘ವಿರಿ’ ಎಂದರೆ ಹರಡು, ಅರಳು. ನಮ್ಮ ಮೊಗ್ಗು ‘ಬಿರಿ’ಯುವ ಬಿರಿ ಇದರ ಒಡಹುಟ್ಟಿದ ಮಾತು. ಹೋದ ಕಡೆಯಲ್ಲೆಲ್ಲ ತೋಪುಗಳನ್ನು ಹರಡುವವಳು ಎಂದು ಇದರ ತಾತ್ಪರ್ಯ. ಜನಪದರು ಇಷ್ಟಕ್ಕೇ ತೃಪ್ತರಾಗಲಿಲ್ಲ. ಗಣಪತಿಯು ಕಾಗೆಯ ರೂಪದಲ್ಲಿ ಬಂದು ಅಗಸ್ತ್ಯರ ಕಮಂಡಲುವನ್ನು ಉರುಳಿಸಿದನೆಂಬ ಕಥೆಯನ್ನು ಹಿಡಿದು, ‘ಕಾ’ ಎಂದರೆ ಕಾಗೆ ಎಂದರು. ಈ ಮೂರರಲ್ಲಿ ಯಾವುದು ಮೊದಲಿನದೆಂದು ಪಂಡಿತರು ವಾದಿಸಲಿ. ಹೆಸರಂತೂ ಅವರ ವಾದಕ್ಕಿಂತ ಹಳೆಯದು. ಕ್ರಿಸ್ತಶಕ ಎರಡನೆಯ ಶತಮಾನದಲ್ಲಿದ್ದ ಟಾಲೆಮಿ ಎಂಬ ಭೂಗೋಳಶಾಸ್ತ್ರಜ್ಞನು ಗ್ರೀಕ್ ಭಾಷೆಯಲ್ಲಿ ಬರೆದ ಗ್ರಂಥದಲ್ಲಿ ಖಾಬೇರೋಸ್ ಎಂಬ ನದಿಯ ಹೆಸರಿದೆ. ಅದರ ದಡದ ರೇವುಪಟ್ಟಣವಾದ ಖಾಬೇರಿಸಿನ ಹೆಸರೂ ಇದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಎಲ್ಲೆಯನ್ನು ಹೇಳುವಾಗ ಒಂದು ತುದಿಗೆ ಕಾವೇರಿಯನ್ನೂ ಇನ್ನೊಂದು ತುದಿಗೆ ಗೋದಾವರಿಯನ್ನೂ ಇಟ್ಟಿತು. ಹೀಗೆ ನಮ್ಮ ನಾಡಿನ ಗಡಿಕಲ್ಲುಗಳೆರಡೂ ಇಂದು ಹೆಣ್ಣುಮಕ್ಕಳ ಹೆಸರುಗಳಾಗಿವೆ.

ಮಡಿಕೇರಿಯಿಂದ ಭಾಗಮಂಡಲಕ್ಕೆ ಸುಮಾರು 40 ಕಿಲೋಮೀಟರು. ಕಾಫಿಯ ತೋಟಗಳ ನಡುವೆ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳನ್ನು ನೋಡುತ್ತ, ತಿರುವಿನ ಮೇಲೆ ತಿರುವು ಹತ್ತಿ ಇಳಿದು ಹೋಗಬೇಕು. ಮಳೆಗಾಲ ಮುಗಿದು ಹೆಚ್ಚು ದಿನವಾಗಿರದ ಕಾರಣ ಬೆಟ್ಟದ ಮೈಯೆಲ್ಲ ಹಸಿರು. ಗದ್ದೆಗಳಲ್ಲಿ ಭತ್ತದ ಪೈರು ತೆನೆಗೆ ಬರುತ್ತಿರುತ್ತದೆ. ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಎಂಬ ತೊರೆ ಬಂದು ಸೇರುತ್ತದೆ. ಕಣ್ಣಿಗೆ ಕಾಣದೆ ನೆಲದಡಿಯಲ್ಲಿ ಹರಿಯುವ ಸುಜ್ಯೋತಿಯೂ ಸೇರಿ ಇದು ತ್ರಿವೇಣೀ ಸಂಗಮವೆಂಬುದು ಭಕ್ತರ ನಂಬಿಕೆ. ಭಗಂಡೇಶ್ವರನ ದೇವಾಲಯದ ಇಳಿಜಾರು ಛಾವಣಿಗಳು ಕೇರಳದ ಗುಡಿಗಳನ್ನು ನೆನಪಿಗೆ ತರುತ್ತವೆ. ಜಡಿಮಳೆಯ ದಿನಗಳಲ್ಲಿ ಸಂಗಮ ಉಕ್ಕಿ ರಸ್ತೆಯನ್ನೇ ಮುಳುಗಿಸುವುದುಂಟು. ಅಂದು ಮಾತ್ರ ನೀರು ಮೊಣಕಾಲಿನ ಮಟ್ಟಕ್ಕೆ ಇಳಿದು ತಿಳಿಯಾಗಿತ್ತು. ಯಾತ್ರಿಕರು ಮುಳುಗು ಹಾಕಿ, ಹಿರಿಯರಿಗೆ ತರ್ಪಣ ಬಿಟ್ಟು ಮೇಲೇಳುತ್ತಿದ್ದರು. ಅಜ್ಜಿ ಕಾಲು ತೊಳೆದುಕೊಂಡು, ಮಗುವಿನ ನೆತ್ತಿಗೆ ಎರಡು ಹನಿ ನೀರು ಚಿಮುಕಿಸಿದರು. ಮಗು ಬೆಚ್ಚಿ ಕಣ್ಣು ಬಿಟ್ಟು, ಅಳಲೋ ನಗಲೋ ಎಂದು ಒಂದು ಗಳಿಗೆ ಯೋಚಿಸಿ, ಮತ್ತೆ ನಿದ್ರೆ ಹೋಯಿತು.

ಅಲ್ಲಿಂದ ತಲಕಾವೇರಿಗೆ 8 ಕಿಲೋಮೀಟರಿನ ಏರುದಾರಿ. ಬ್ರಹ್ಮಗಿರಿಯ ಮಗ್ಗುಲಲ್ಲಿ, ಸಮುದ್ರಮಟ್ಟದಿಂದ ಸುಮಾರು 1,276 ಮೀಟರ್ ಎತ್ತರದಲ್ಲಿ ಈ ಕ್ಷೇತ್ರವಿದೆ. ಮೆಟ್ಟಿಲು ಹತ್ತಿ ಒಳಗೆ ಹೋದರೆ ಒಂದು ದೊಡ್ಡ ಕೊಳ, ಅದರ ತಲೆಯ ಕಡೆ ಒಂದು ಪುಟ್ಟ ಕುಂಡಿಕೆ. ಮೊದಲ ಸಲ ಬಂದವರು ಇಲ್ಲಿ ಸಾಮಾನ್ಯವಾಗಿ ತಬ್ಬಿಬ್ಬಾಗುತ್ತಾರೆ. ಸುಮಾರು 800 ಕಿಲೋಮೀಟರ್ ಹರಿದು, 81,155 ಚದರ ಕಿಲೋಮೀಟರ್ ನೆಲದ ನೀರನ್ನು ಒಡಲಿಗೆ ತುಂಬಿಕೊಂಡು, ಎರಡು ರಾಜ್ಯಗಳ ಅನ್ನದ ಬಟ್ಟಲಾದ ನದಿ ಇದೇ ಏನು? ಈ ಕುಂಡಿಕೆಯಿಂದ ನೀರು ಹೊರಗೆ ಹರಿಯುವುದೂ ಮಳೆಗಾಲವೊಂದನ್ನು ಬಿಟ್ಟರೆ ಕಣ್ಣಿಗೆ ಕಾಣುವುದಿಲ್ಲ. ನೆಲದಡಿಯಲ್ಲಿ ಇಳಿದು, ಬೆಟ್ಟದ ಕೆಳಗೆ ಎಲ್ಲಿಯೋ ಮತ್ತೆ ಮೇಲೆದ್ದು ಹೊಳೆಯಾಗುತ್ತದೆ.

“ಇಷ್ಟೇ ಏನಪ್ಪ?” ಎಂದರು ಅಜ್ಜಿ, ಕುಂಡಿಕೆಯನ್ನು ನೋಡುತ್ತ. “ನಮ್ಮ ಹಿತ್ತಿಲ ಬಾವಿಯೇ ಇದಕ್ಕಿಂತ ದೊಡ್ಡದಾಗಿತ್ತಲ್ಲ!”

“ಹುಟ್ಟಿದಾಗ ಎಲ್ಲರೂ ಇಷ್ಟೇ ಅತ್ತೆ” ಎಂದಳು ಸೊಸೆ, ಮಡಿಲಲ್ಲಿದ್ದ ಮಗುವಿನ ಕಡೆ ನೋಡಿ.

ವರ್ಷಕ್ಕೊಮ್ಮೆ, ಅಕ್ಟೋಬರ್ ತಿಂಗಳ ನಡುವೆ ಸೂರ್ಯನು ತುಲಾರಾಶಿಯನ್ನು ಪ್ರವೇಶಿಸುವ ಮುಹೂರ್ತದಲ್ಲಿ, ಈ ಕುಂಡಿಕೆಯಲ್ಲಿ ನೀರು ಉಕ್ಕುವುದನ್ನು ತೀರ್ಥೋದ್ಭವವೆನ್ನುತ್ತಾರೆ. ಮುಹೂರ್ತವು ನಡುಹಗಲಿಗೆ ಬಂದೀತು, ನಡುರಾತ್ರಿಗೆ ಬಂದೀತು; ಜನ ಮಾತ್ರ ಸಾವಿರಗಟ್ಟಲೆ ನೆರೆದು ಕಾಯುತ್ತಾರೆ. ಅಂದಿನಿಂದ ಒಂದು ತಿಂಗಳು ಪುಣ್ಯಕಾಲ. ಆ ತಿಂಗಳಲ್ಲಿ ಗಂಗೆಯೂ ಬಂದು ಕಾವೇರಿಯಲ್ಲಿ ಮಿಂದು ಹೋಗುತ್ತಾಳೆಂದು ಪ್ರತೀತಿ. ಸಂಕ್ರಮಣದ ಆ ಜನಜಂಗುಳಿಯಲ್ಲಿ ತಾಯಿಯೊಬ್ಬಳು ತಪ್ಪಿಸಿಕೊಂಡ ಮಗಳನ್ನು “ಕಾವೇರೀ!” ಎಂದು ಕೂಗಿದರೆ ಕಷ್ಟ. ಅತ್ತ ಕೈಮುಗಿದವರು ಅದನ್ನು ಸ್ತೋತ್ರವೆಂದು ಭಾವಿಸುತ್ತಾರೆ. ಇತ್ತ ನಾಲ್ಕಾರು ಹುಡುಗಿಯರು ಒಟ್ಟಿಗೆ ತಿರುಗಿ ನೋಡುತ್ತಾರೆ!

ಕುಂಡಿಕೆಯ ಬಳಿಯಲ್ಲಿಯೇ ಅಗಸ್ತ್ಯೇಶ್ವರನ ಗುಡಿಯಿದೆ. ಅದನ್ನು ನೋಡಿದವರಿಗೆ ಕಥೆಯ ಉಳಿದ ಭಾಗ ನೆನಪಾಗದಿರದು. ಕವೇರನ ಮಗಳು ಬೆಳೆದು ದೊಡ್ಡವಳಾದಳು. ಅಗಸ್ತ್ಯ ಮಹರ್ಷಿಗಳು ಅವಳನ್ನು ಕಂಡು ವಿವಾಹವಾಗಲು ಬಯಸಿದರು. ಲೋಕಕ್ಕೆ ನದಿಯಾಗಿ ಹರಿದು ಉಪಕಾರಿಯಾಗಬೇಕೆಂಬುದು ಅವಳ ಹಂಬಲ. ಋಷಿಯ ಮಾತನ್ನು ತೆಗೆದುಹಾಕಲಾರದೆ ಒಪ್ಪಿದಳು; ಆದರೆ ಒಂದು ಕರಾರನ್ನು ಹಾಕಿದಳು. ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಕೂಡದು. ಹೋದರೆ ತಾನು ಹೊರಟೆನೆಂದೇ ತಿಳಿಯಬೇಕು. ಋಷಿಗಳು ಒಪ್ಪಿಕೊಂಡರು. ಒಂದು ದಿನ ಅವಳನ್ನು ನೀರಾಗಿಸಿ ಕಮಂಡಲುವಿನಲ್ಲಿಟ್ಟು, ಶಿಷ್ಯರನ್ನು ಕಾವಲಿಗೆ ನಿಲ್ಲಿಸಿ, ತಾವು ಸ್ನಾನಕ್ಕೆ ತೆರಳಿದರು. ಕರಾರು ಮುರಿಯಿತು. ಅವಳು ಕಮಂಡಲುವಿನಿಂದ ಉಕ್ಕಿ ಹೊರಟಳು. ಶಿಷ್ಯರು ಅಡ್ಡ ಬಂದರು. ಅವಳು ನೆಲದೊಳಗೆ ಇಳಿದು, ಭಾಗಮಂಡಲದ ಬಳಿ ಮೇಲೆದ್ದಳು. ಕೊಡಗಿನ ಬಲಮುರಿಯಲ್ಲಿ ಜನರೆಲ್ಲ ನೆರೆದು ತಡೆಯಲು ನೋಡಿದರಂತೆ. ಪ್ರವಾಹದ ಸೆಳೆತಕ್ಕೆ ಹೆಂಗಸರ ಸೀರೆಯ ನೆರಿಗೆಗಳು ಹಿಂದಕ್ಕೆ ಸರಿದುವು. ಕೊಡವ ಸ್ತ್ರೀಯರು ಇಂದಿಗೂ ನೆರಿಗೆಯನ್ನು ಬೆನ್ನ ಕಡೆಗೆ ಉಡುವುದು ಅದರ ಗುರುತೆಂದು ಅಲ್ಲಿಯವರು ಹೇಳುತ್ತಾರೆ.

ಈ ಋಷಿಪತ್ನಿಗೆ ಲೋಪಾಮುದ್ರೆ ಎಂಬ ಇನ್ನೊಂದು ಹೆಸರೂ ಉಂಟು. ಋಗ್ವೇದದ ಮೊದಲ ಮಂಡಲದಲ್ಲಿ ಲೋಪಾಮುದ್ರೆಯೂ ಅಗಸ್ತ್ಯರೂ ಮಾತನಾಡುವ ಒಂದು ಸೂಕ್ತವಿದೆ. ಅಲ್ಲಿ ತಪಸ್ಸಿನಲ್ಲಿಯೇ ಮುಳುಗಿದ ಗಂಡನನ್ನು ಎದುರು ನಿಂತು ಪ್ರಶ್ನಿಸುವ ಹೆಂಡತಿ ಅವಳು. ಮಹಾಭಾರತದಲ್ಲಿ ಅವಳು ವಿದರ್ಭದ ಅರಸನ ಮನೆಯಲ್ಲಿ ಬೆಳೆದ ಮಗಳು. ಕಾವೇರಿಯ ಪುರಾಣವು ಈ ಹಳೆಯ ಹೆಸರನ್ನು ತಂದು ದಕ್ಷಿಣದ ನದಿಗೆ ತೊಡಿಸಿತು. ತಮಿಳಿನ ಪ್ರಾಚೀನ ಕಾವ್ಯವಾದ ಮಣಿಮೇಖಲೆಯ ಪೀಠಿಕೆಯಲ್ಲಿ ಕಥೆ ಬೇರೆ ಬಗೆಯಾಗಿದೆ. ಅಲ್ಲಿ ಕಾಂತನೆಂಬ ಅರಸನು ಬೇಡಿಕೊಳ್ಳಲು, ಅಗಸ್ತ್ಯರೇ ತಮ್ಮ ಕಮಂಡಲುವನ್ನು ಬಾಗಿಸಿ ನದಿಯನ್ನು ಹರಿಯಬಿಡುತ್ತಾರೆ. ಯಾವ ಕಥೆಯನ್ನು ತೆಗೆದುಕೊಂಡರೂ ಒಂದು ಮಾತು ಸಮಾನ: ಕಮಂಡಲುವಿನಲ್ಲಿದ್ದಷ್ಟು ಕಾಲ ಅವಳು ಒಬ್ಬ ಋಷಿಗೆ ಮಾತ್ರ ನೀರು, ಹೊರಗೆ ಬಂದ ಮೇಲೆ ಲೋಕಕ್ಕೆಲ್ಲ ತಾಯಿ.

ಇಲ್ಲಿ ಅಜ್ಜಿಯ ಹಿರಿಯರ ಮಾತಿಗೆ ಮತ್ತೆ ಬರಬೇಕಾಗುತ್ತದೆ. ನದಿಯ ಹೆಸರಿನವಳು ಒಂದು ಕಡೆ ನಿಲ್ಲುವವಳಲ್ಲ ಎಂಬುದು ಸುಳ್ಳಲ್ಲ. ಕಥೆಯೇ ಅದಕ್ಕೆ ಸಾಕ್ಷಿ. ಹೆಸರಿನ ಅಕ್ಷರಗಳು ಅವಳು ಯಾರ ಮಗಳೆಂಬುದನ್ನು ಹೇಳುತ್ತವೆ. ಅವಳ ಚರಿತ್ರೆ ಅವಳು ಹೊರಟುಹೋದಳೆಂಬುದನ್ನು ಹೇಳುತ್ತದೆ. ಮಗಳಿಗೆ ಕಾವೇರಿ ಎಂದು ಹೆಸರಿಡುವ ತಂದೆತಾಯಿಗಳು ಎರಡನ್ನೂ ಒಟ್ಟಿಗೆ ಇಟ್ಟಂತಾಗುತ್ತದೆ: ನೀನು ನಮ್ಮವಳು; ನೀನು ಇಲ್ಲಿಯೇ ನಿಲ್ಲಬೇಕಾದವಳಲ್ಲ. ಸೀತೆ, ಸಾವಿತ್ರಿ ಎಂಬ ಹೆಸರುಗಳನ್ನು ಇಡುವಾಗ ಗಂಡನನ್ನು ಹಿಂಬಾಲಿಸಿದವರನ್ನು ನೆನೆಯುತ್ತೇವೆ. ಕಾವೇರಿ ಎಂದಾಗ ಗಂಡನು ಕೊಟ್ಟ ಮಾತು ತಪ್ಪಿದುದಕ್ಕೆ ತನ್ನ ದಾರಿಯನ್ನು ತಾನೇ ಹಿಡಿದವಳನ್ನು ನೆನೆಯಬೇಕಾಗುತ್ತದೆ. ನಮ್ಮ ಜನ ಇಂತಹವಳನ್ನು ದೂರಲಿಲ್ಲ. ಕೈಮುಗಿದರು, ತಮ್ಮ ಮಕ್ಕಳಿಗೆ ಅವಳ ಹೆಸರನ್ನಿಟ್ಟರು.

ಕೊಡಗಿನಲ್ಲಂತೂ ಈ ಹೆಸರು ಮನೆಮನೆಯದು. ಕಾವೇರಮ್ಮ ಅಲ್ಲಿ ಕುಲದೇವಿ. ಹುಡುಗಿಗೆ ಕಾವೇರಿ, ಕಾವೇರಮ್ಮ ಎಂದಿಡುವುದು ಸಹಜ; ಹುಡುಗನಿಗೂ ಕಾವೇರಪ್ಪ ಎಂದಿಡುತ್ತಾರೆ. ಹೆಣ್ಣಿನ ಹೆಸರಿಗೆ ‘ಅಪ್ಪ’ ಸೇರಿಸಿ ಗಂಡುಮಕ್ಕಳು ಹೆಮ್ಮೆಯಿಂದ ಧರಿಸುವ ಇಂತಹ ನಿದರ್ಶನಗಳು ಬಹಳವಿಲ್ಲ. ಸಂಕ್ರಮಣವನ್ನು ಕೊಡವರು ಕಾವೇರಿ ಚಂಗ್ರಾಂದಿ ಎನ್ನುತ್ತಾರೆ. ಆ ಹಬ್ಬದಲ್ಲಿ ಮನೆಯ ಹೆಂಗಸರು ಒಂದು ತೆಂಗಿನಕಾಯಿಗೋ ಸೌತೆಕಾಯಿಗೋ ಕೆಂಪು ರೇಷ್ಮೆಯ ಬಟ್ಟೆಯನ್ನು ಉಡಿಸಿ, ಒಡವೆ ತೊಡಿಸಿ, ಹೂ ಮುಡಿಸಿ ಕಾವೇರಿಯೆಂದು ಪೂಜಿಸುತ್ತಾರೆ. ಇದಕ್ಕೆ ಕಣಿಪೂಜೆ ಎಂದು ಹೆಸರು. ಮನೆಯ ಹಿರಿಕಿರಿಯರೆಲ್ಲ ಅಕ್ಕಿಯ ಕಾಳು ಹಾಕಿ ನಮಸ್ಕರಿಸುತ್ತಾರೆ. ಅಂದಿನ ಅಡುಗೆ ದೋಸೆ ಮತ್ತು ಕುಂಬಳಕಾಯಿಯ ಪಲ್ಯ. ತಲಕಾವೇರಿಯಿಂದ ತಂದ ತೀರ್ಥವನ್ನು ಮನೆಯಲ್ಲಿ ಜೋಪಾನವಾಗಿಡುತ್ತಾರೆ. ಪ್ರಾಣ ಬಿಡುವವರ ಬಾಯಿಗೆ ಕೊನೆಯ ಗುಟುಕಾಗಿ ಬೀಳುವುದು ಆ ನೀರೇ. ಹುಟ್ಟಿದಾಗ ಹೆಸರಾಗಿ ಬಂದವಳು ಸಾಯುವಾಗ ನೀರಾಗಿ ಬರುತ್ತಾಳೆ.

ಇವಳು ಸದಾ ಸೌಮ್ಯಳೆಂದು ಭಾವಿಸುವಂತಿಲ್ಲ. 2020ರ ಆಗಸ್ಟ್ ತಿಂಗಳ ಮೊದಲ ವಾರದಲ್ಲಿ, ಸುರಿವ ಮಳೆಯಲ್ಲಿ ಬ್ರಹ್ಮಗಿರಿಯ ಒಂದು ಪಾರ್ಶ್ವ ಕುಸಿದು, ಇದೇ ಕ್ಷೇತ್ರದ ಅರ್ಚಕರ ಮನೆಗಳು ಮಣ್ಣಿನಡಿಯಲ್ಲಿ ಹೂತುಹೋದುವು. ಎರಡು ವರ್ಷ ಮೊದಲು, 2018ರಲ್ಲಿ, ಕೊಡಗಿನ ಅನೇಕ ಬೆಟ್ಟಗಳು ಜರಿದು ಊರುಗಳನ್ನೇ ಅಳಿಸಿದ್ದುವು. ಆದರೂ ಅದೇ 2020ರ ಅಕ್ಟೋಬರ್‌ನಲ್ಲಿ ತೀರ್ಥೋದ್ಭವ ನಡೆಯಿತು. ಸಾಂಕ್ರಾಮಿಕದ ನಿರ್ಬಂಧಗಳ ನಡುವೆಯೂ ಪೂಜೆ ನಿಲ್ಲಲಿಲ್ಲ. ತಾಯಿ ಮುನಿದಳೆಂದು ಯಾರೂ ತಾಯಿಯ ಹೆಸರನ್ನು ಬಿಡುವುದಿಲ್ಲ. ಆದರೆ ಅವಳು ಹುಟ್ಟಿದ ಮನೆಯ ಕಾಡನ್ನೂ ಬೆಟ್ಟವನ್ನೂ ನೋಡಿಕೊಳ್ಳಬೇಕಾದ ಭಾರ ಅವಳ ಮಕ್ಕಳ ಮೇಲಿದೆಯೆಂಬುದನ್ನು ಅಲ್ಲಿಯ ಬರಿಯ ಇಳಿಜಾರು ನೆನಪಿಸುತ್ತದೆ.

ಗುಡಿಯ ಪಕ್ಕದಲ್ಲಿ ಬ್ರಹ್ಮಗಿರಿಯ ಶಿಖರಕ್ಕೆ ನೂರಾರು ಮೆಟ್ಟಿಲುಗಳಿವೆ. ಅಜ್ಜಿಯನ್ನೂ ಮಗುವನ್ನೂ ಕೆಳಗೆ ನೆರಳಿನಲ್ಲಿ ಬಿಟ್ಟು ಗಂಡಹೆಂಡಿರಿಬ್ಬರು ಹತ್ತಿದರು. ಮೇಲೆ ಗಾಳಿ ಬಲವಾಗಿ ಬೀಸುತ್ತಿತ್ತು. ಪಶ್ಚಿಮಕ್ಕೆ ಬೆಟ್ಟದ ಸಾಲುಗಳು ಇಳಿಯುತ್ತ ಹೋಗಿ ಮಂಜಿನಲ್ಲಿ ಮರೆಯಾಗಿದ್ದುವು. ಆ ಕಡೆ ಅರಬ್ಬೀ ಸಮುದ್ರ ಬಹಳ ಹತ್ತಿರ. ಅಲ್ಲಿಗೆ ಇಳಿದಿದ್ದರೆ ಈ ನದಿ ಒಂದೆರಡು ದಿನದಲ್ಲಿ ಕಡಲು ಸೇರಿ ಮುಗಿದುಹೋಗುತ್ತಿತ್ತು. ಅವಳು ಪೂರ್ವಕ್ಕೆ ತಿರುಗಿದಳು. ದೂರದ ದಾರಿಯನ್ನು ಆರಿಸಿಕೊಂಡಳು. ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗ ಎಂಬ ಮೂರು ದ್ವೀಪಗಳಲ್ಲಿ ಮಲಗಿದ ರಂಗನಾಥನ ಪಾದ ತೊಳೆದು, ಕರ್ನಾಟಕದಲ್ಲಿ 320 ಕಿಲೋಮೀಟರ್, ಎರಡು ರಾಜ್ಯಗಳ ಗಡಿಯಾಗಿ 64 ಕಿಲೋಮೀಟರ್, ತಮಿಳುನಾಡಿನಲ್ಲಿ 416 ಕಿಲೋಮೀಟರ್ ನಡೆದು ಬಂಗಾಳ ಕೊಲ್ಲಿಯನ್ನು ಸೇರುತ್ತಾಳೆ.

ಹೋದ ದಾರಿಯಲ್ಲೆಲ್ಲ ಅವಳ ಹೆಸರೂ ಹೋಗಿದೆ. ನದಿ ಕಡಲನ್ನು ಸೇರುವ ಪೂಂಪುಹಾರಿನ ಹಳೆಯ ಹೆಸರು ಕಾವೇರಿಪೂಂಪಟ್ಟಿಣಂ. ಟಾಲೆಮಿಯ ಖಾಬೇರಿಸ್ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಆಡಿ ತಿಂಗಳ ಹದಿನೆಂಟನೆಯ ದಿನ ತಮಿಳುನಾಡಿನ ಹೆಂಗಸರು ದಡಕ್ಕೆ ಬಂದು, ಹೊಸ ನೀರು ತುಂಬಿದ ಕಾವೇರಿಯನ್ನು ಬಸುರಿಯೆಂದು ಭಾವಿಸಿ, ಬಯಕೆಯೂಟದಂತೆ ಚಿತ್ರಾನ್ನಗಳನ್ನು ನಿವೇದಿಸುತ್ತಾರೆ. ಕಪ್ಪು ಮಣಿ, ಓಲೆ, ಬಳೆಗಳನ್ನು ಅರ್ಪಿಸುತ್ತಾರೆ. ಕೊಡಗಿನಲ್ಲಿ ಹುಟ್ಟಿದ ಮಗಳಿಗೆ ಸೀಮಂತ ನಡೆಯುವುದು ತಂಜಾವೂರಿನ ಸೀಮೆಯಲ್ಲಿ! ಅಲ್ಲಿ ಅವಳ ಮತ್ತೊಂದು ಹೆಸರಾದ ಪೊನ್ನಿ ಎಂಬುದು ಅಕ್ಕಿಗೂ ಹೆಸರಾಗಿದೆ. ಕಲ್ಕಿಯವರು 1950ರಿಂದ 1954ರವರೆಗೆ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದು ಮನೆಮನೆಗಳನ್ನು ಕಾಯಿಸಿದ ‘ಪೊನ್ನಿಯಿನ್ ಸೆಲ್ವನ್’ ಕಾದಂಬರಿಯ ಹೆಸರಿನ ಅರ್ಥ ‘ಪೊನ್ನಿಯ ಮಗ’ ಎಂದೇ.

ಅವಳ ನೀರಿಗಾಗಿ ಎರಡು ರಾಜ್ಯಗಳು ಮಾಡಿದ ವ್ಯಾಜ್ಯ ಎಲ್ಲರಿಗೂ ತಿಳಿದ ವಿಷಯ. 1892ರಲ್ಲಿ ಒಂದು ಒಪ್ಪಂದ, 1924ರಲ್ಲಿ ಇನ್ನೊಂದು, 1990ರಲ್ಲಿ ನ್ಯಾಯಮಂಡಲಿ, 2007ರಲ್ಲಿ ಅದರ ತೀರ್ಪು, 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಟಿ.ಎಂ.ಸಿ. ಲೆಕ್ಕದಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30, ಪುದುಚೇರಿಗೆ 7 ಎಂದು ನೀರು ಹಂಚಿಕೆಯಾಯಿತು. ಮಳೆ ಕಡಿಮೆಯಾದ ವರ್ಷಗಳಲ್ಲಿ ಮನಸ್ಸುಗಳು ಕಹಿಯಾದುವು. 1991ರ ಡಿಸೆಂಬರಿನಲ್ಲಿ ಬೀದಿಗಳಲ್ಲಿ ಬೆಂಕಿಯೂ ಎದ್ದಿತು. ಆದರೆ ಹೆಸರನ್ನು ಹಂಚಿಕೊಡಬೇಕೆಂದು ಯಾರೂ ನ್ಯಾಯಾಲಯಕ್ಕೆ ಹೋಗಲಿಲ್ಲ. ಮಂಡ್ಯದ ಕಾವೇರಿಯೂ ಕುಂಭಕೋಣದ ಕಾವೇರಿಯೂ ಒಂದೇ ಹೆಸರಿಗೆ ಓಗೊಡುತ್ತ ಬೆಳೆದರು. ನೀರನ್ನು ಅಳೆಯುವವರು ಈ ಒಂದು ಸಂಗತಿಯನ್ನು ಆಗಾಗ ನೆನೆದರೆ ಒಳ್ಳೆಯದು.

ಇಂದಿನ ನಗರದ ತೊಟ್ಟಿಲುಗಳಲ್ಲಿ ಎರಡಕ್ಷರದ, ಮೂರಕ್ಷರದ ಹೊಸ ಹೆಸರುಗಳ ಹಂಬಲ ಹೆಚ್ಚು. ಕಾವೇರಿ ಎಂದರೆ ಅಜ್ಜಿಯ ಕಾಲದ ಹೆಸರೆಂದು ಮೂಗು ಮುರಿಯುವವರೂ ಉಂಟು. ಆದರೆ ಹೆಸರು ಬೇರೆ ಕಡೆಗಳಲ್ಲಿ ಮನೆ ಮಾಡಿಕೊಂಡಿದೆ. ರಾಜ್ಯದ ಕರಕುಶಲ ವಸ್ತುಗಳ ಮಳಿಗೆಗೆ ಕಾವೇರಿಯೆಂದು ಹೆಸರು. ಆಸ್ತಿಯ ನೋಂದಣಿಗೆ ಸರ್ಕಾರ ಬಳಸುವ ಗಣಕಯಂತ್ರದ ವ್ಯವಸ್ಥೆಗೂ ಕಾವೇರಿಯೆಂದೇ ಹೆಸರು. ಬೆಂಗಳೂರಿನ ವಿಜ್ಞಾನಿಗಳು ಯುದ್ಧವಿಮಾನಕ್ಕಾಗಿ ರೂಪಿಸಿದ ಎಂಜಿನ್ನಿಗೂ ಇದೇ ಹೆಸರನ್ನಿಟ್ಟರು. ಕಮಂಡಲುವಿನಲ್ಲಿ ಹಿಡಿಯದವಳು ಆಕಾಶಕ್ಕೆ ಹಾರುವ ಯಂತ್ರಕ್ಕೆ ಹೆಸರಾದದ್ದು ಸರಿಯಾಗಿಯೇ ಇದೆ.

ಗಂಡಹೆಂಡಿರು ಶಿಖರದಿಂದ ಇಳಿದು ಬರುವ ಹೊತ್ತಿಗೆ ಅಜ್ಜಿ ಕೊಳದ ಕಟ್ಟೆಯ ಮೇಲೆ ಕುಳಿತು, ಪಕ್ಕದಲ್ಲಿದ್ದ ಕೊಡಗಿನ ಮುದುಕಿಯೊಡನೆ ಮಾತಿನಲ್ಲಿ ತೊಡಗಿದ್ದರು. ಇಬ್ಬರದೂ ಬೇರೆ ಬೇರೆ ನುಡಿಯ ಕನ್ನಡ; ಆದರೂ ಮಾತು ಸಾಗಿತ್ತು. ಆಕೆ ಎದ್ದು ಹೋದ ಮೇಲೆ ಅಜ್ಜಿ ಮಗನನ್ನು ಕೇಳಿದರು:

“ನಮ್ಮ ಮನೆಯ ನಲ್ಲಿಯಲ್ಲಿ ಬರುವುದೂ ಇದೇ ನೀರೇನಪ್ಪ?”

“ಹೌದಮ್ಮ. ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ ಕೊಳವೆಯಲ್ಲಿ ಮೇಲಕ್ಕೆತ್ತಿ ತರುತ್ತಾರೆ. 1974ರಲ್ಲಿ ಮೊದಲ ಹಂತ ಆಯಿತು, ಮೊನ್ನೆ 2024ರಲ್ಲಿ ಐದನೆಯ ಹಂತ.”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಾಗಾದರೆ ಮಗುವಿಗೆ ಎರೆದ ಮೊದಲ ನೀರೂ ಇವಳದೇ” ಎಂದರು, ತಮಗೆ ತಾವೇ ಹೇಳಿಕೊಂಡಂತೆ. “ನಾನೂ ನನ್ನ ತವರಿನ ಬಾವಿಯ ನೀರು ಬಿಟ್ಟು ಬಂದು ಐವತ್ತೆರಡು ವರ್ಷವಾಯಿತು. ಯಾವ ಹೆಸರಿನವಳಾದರೇನು, ಹುಟ್ಟಿದ ಕಡೆ ನಿಂತ ಹೆಣ್ಣು ಯಾರಿದ್ದಾಳೆ?”

ಸೊಸೆ ಮಾತನಾಡಲಿಲ್ಲ. ಮಗನೂ ಕಾವ್ಯಾ ಎಂಬ ಹೆಸರನ್ನು ಎತ್ತಲಿಲ್ಲ. ಒಂದು ಪುಟ್ಟ ತಂಬಿಗೆಯಲ್ಲಿ ತೀರ್ಥವನ್ನು ತುಂಬಿಸಿಕೊಂಡು, ಬಾಯಿಗೆ ಬಟ್ಟೆ ಕಟ್ಟಿ, ನಾಲ್ವರೂ ಬೆಟ್ಟವಿಳಿದರು. ಭಾಗಮಂಡಲವನ್ನು ದಾಟುವಾಗ ಬಿಸಿಲು ಬಾಗುತ್ತಿತ್ತು. ಸಂಗಮದ ನೀರು ಕಾಫಿಯ ತೋಟಗಳ ಸಂದಿನಿಂದ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಂಡು ಮರೆಯಾಗುತ್ತಿತ್ತು. ಮಡಿಕೇರಿಯನ್ನು ಬಿಟ್ಟು ಎಷ್ಟೋ ಹೊತ್ತಾದ ಮೇಲೆ ಕುಶಾಲನಗರದ ಸೇತುವೆ ಮತ್ತೆ ಬಂದಿತು. ಕತ್ತಲಾಗಿತ್ತು. ಮಗು ಎದ್ದು ಸಣ್ಣಗೆ ಅಳತೊಡಗಿತು. ಅಜ್ಜಿ ಸೆರಗಿನ ಗಂಟಿನಲ್ಲಿ ನಾಣ್ಯವನ್ನು ತಡಕುತ್ತಲೇ ಸೊಸೆಯ ಕಡೆ ತಿರುಗಿದರು.

“ಎಷ್ಟು ಹೊತ್ತಾಯಿತೇ? ಕಾವೇರಿಗೆ ಹಸಿವಾಗಿದೆ, ನೋಡಬಾರದೆ?”